ಕನ್ನಡಿ ಹಿಡಿದೋಳು ಯಾರನ್ನ ನೋಡ್ತಿದಾಳೆ? ಮೇಲ್ ಗೇಜ್ ಥಿಯರಿ ಬಗ್ಗೆ ನನ್ನ ತಕರಾರು

ಸೌಮ್ಯ_ಎಚ್:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೀತಿರೋ ವಿಷಯ, ಬೈದ್ರೂ ಪರವಾಗಿಲ್ಲ ಅಂತ ಬರೀತಿದೀನಿ. ಎಂ.ಎ. ಓದೋವಾಗ ನಮ್ಗೆ ಕಲಾ ವಿಮರ್ಶಕ ಜಾನ್ ಬರ್ಜರ್ 1972ರಲ್ಲಿ ಬಿಬಿಸಿಗೆ ಮಾಡಿದ ಸರಣಿ, ಅದರ ಪುಸ್ತಕ, ಆಮೇಲೆ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದ ಲೇಖನ, ಎಲ್ಲಾ ಪಾಠ ಇತ್ತು. ತಿರುಳು ನಿಮ್ಗೆ ಗೊತ್ತಿರೋದೇ: ಯುರೋಪಿನ ನಗ್ನ ಚಿತ್ರಗಳಲ್ಲಿ ನೋಡೋನು ಗಂಡು, ನೋಡಿಸ್ಕೊಳ್ಳೋಳು ಹೆಣ್ಣು, ಚಿತ್ರದ ಎದುರು ನಿಂತಿರೋ ಆ ಕಾಣದ ಗಂಡಸಿಗಾಗಿಯೇ ಅವಳ ಮೈಯನ್ನ ತಿರುಗಿಸಿಟ್ಟಿರ್ತಾರೆ ಅಂತ. ಇದಕ್ಕೇ ಮೇಲ್ ಗೇಜ್, ಅಂದ್ರೆ ಗಂಡುನೋಟ ಅಂತಾರೆ. ಇಪ್ಪತ್ತರ ವಯಸ್ಸಲ್ಲಿ ಓದಿದಾಗ ಮೈ ಜುಂ ಅಂದಿತ್ತು. ಬಸ್ಸಲ್ಲಿ, ಮದುವೆ ಮನೇಲಿ, ಎಲ್ಲಾ ಕಡೆ ನನ್ನನ್ನ ನಾನೇ ಹೊರಗಿಂದ ನೋಡ್ಕೊಂಡು ಸೆರಗು ಸರಿ ಮಾಡ್ಕೊಳ್ತಿದ್ನಲ್ಲ, ಅದಕ್ಕೊಂದು ಹೆಸರು ಸಿಕ್ಕಿತ್ತು. ಆ ಋಣ ಇವತ್ತಿಗೂ ಇದೆ.

ಆದ್ರೆ ತಮ್ಮನ ಮನೆಗೆ ಅಂತ ಲಂಡನ್ನಿಗೆ ಹೋಗಿದ್ದಾಗ ನ್ಯಾಷನಲ್ ಗ್ಯಾಲರಿಯಲ್ಲಿ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ರೋಕ್ಬಿ ವೀನಸ್ ಚಿತ್ರದ ಮುಂದೆ ಅರ್ಧ ಗಂಟೆ ನಿಂತೆ. ಅವಳು ನಮ್ಗೆ ಬೆನ್ನು ಹಾಕಿ ಮಲಗಿದಾಳೆ, ಮನ್ಮಥನ ಥರದ ಪುಟ್ಟ ಹುಡುಗ ಕನ್ನಡಿ ಹಿಡಿದಿದಾನೆ. ಮೈ ಅಷ್ಟು ನುಣುಪಾಗಿದೆ, ಆದ್ರೆ ಕನ್ನಡಿಯೊಳಗಿನ ಮುಖ ಪೂರ್ತಿ ಮಸುಕು, ಹತ್ರ ಹೋದ್ರೆ ಬರೀ ಬಣ್ಣ ಒರೆಸಿದ ಹಾಗೆ, ಕಣ್ಣು ಮೂಗು ಗುರುತೇ ಹತ್ತಲ್ಲ. ಅವಳ ಮುಖ ನಮ್ಗೆ ಕಾಣ್ತಿದೆ ಅಂದ್ರೆ ಅವಳಿಗೂ ನಾವು ಕಾಣ್ತಿದೀವಿ ತಾನೇ? ಹಾಗಾದ್ರೆ ನೋಡ್ತಿರೋದು ಯಾರು? ಪಕ್ಕದಲ್ಲಿ ಒಬ್ರು ವಯಸ್ಸಾದ ಹೆಂಗಸು ಸ್ಟೂಲ್ ಮೇಲೆ ಕೂತು ಆ ಬೆನ್ನಿನ ಗೆರೆಯನ್ನ ಪೆನ್ಸಿಲಲ್ಲಿ ಎಳೀತಾ ಅಳಿಸ್ತಾ ಇದ್ರು. ನಾವಿಬ್ರೂ ಗಂಡಸರ ಕಣ್ಣು ಎರವಲು ತಗೊಂಡು ನೋಡ್ತಿದೀವಿ ಅಂತ ಥಿಯರಿ ಹೇಳುತ್ತೆ. ನನಗೆ ಹಾಗನ್ನಿಸ್ಲಿಲ್ಲ. ಥಿಯರಿಯಲ್ಲಿ ಬರೋ ಆ ‘ನೋಡುಗ’ ಅನ್ನೋನು ಒಬ್ಬನೇ ಯಾಕೆ ಯಾವಾಗ್ಲೂ?

ರವಿ_ತಿಪಟೂರು:
ನೋಡ್ಲಿ ಅಂತಾನೇ ಬರೆದಿರೋ ಚಿತ್ರ, ನೋಡಿದ್ರೆ ಅದಕ್ಕೂ ಒಂದು ಥಿಯರಿ ಬೇಕಾ ಮೇಡಂ.

ಚಿತ್ರಾ_ಧಾರವಾಡ:
ರವಿ ಅವರ, ಬೇಕ್ರಿ. ಯಾರ್ ನೋಡ್ಲಿ ಅಂತ ಬರದಾರ ಅನ್ನೋದನ್ನ ಕೇಳಿದ್ರ ತಪ್ಪೇನದ?

ಸೌಮ್ಯಾ, ನೀವು ಥಿಯರಿನ ಸ್ವಲ್ಪ ಸಣ್ಣದ ಮಾಡಿ ಹೊಡೀಲಿಕ್ಕತ್ತೀರಿ ಅನಸ್ತದ. ಮಲ್ವಿ ಬರದದ್ದು ಚಿತ್ರಕಲಾ ಬಗ್ಗೆ ಅಲ್ಲ, ಹಾಲಿವುಡ್ ಸಿನಿಮಾ ಬಗ್ಗೆ. ಹಿಚ್‌ಕಾಕ್, ಸ್ಟರ್ನ್‌ಬರ್ಗ್ ಇವರ ಸಿನಿಮಾ ಇಟ್ಕೊಂಡು, ಫ್ರಾಯ್ಡ್ ಲಕಾನ್ ಇವರ ಮನೋವಿಶ್ಲೇಷಣೆ ಹಿಡಕೊಂಡು, ಕತ್ತಲಿ ಥಿಯೇಟರಿನ್ಯಾಗ ಕೂತವನ ಮನಸ್ಸಿನ್ಯಾಗ ಏನ್ ನಡೀತದ ಅಂತ ಬರದಾರ. ಸಿನಿಮಾದಾಗ ಕ್ಯಾಮೆರಾ ನಿಮ್ಮ ಕಣ್ಣು ಹಿಡದು ಎಳಕೊಂಡು ಹೋಗ್ತದ. ಚಿತ್ರದ ಮುಂದ ನೀವು ಬೇಕಂದ್ರ ಹತ್ರ ಹೋಗ್ಬಹುದು, ದೂರ ಸರೀಬಹುದು. ಅದನ್ನ ತಂದು ಪೇಂಟಿಂಗಿಗೆ ಹಚ್ಚಿದವರು ಬ್ಯಾರೆಯವರು, ಆ ತಪ್ಪಿಗೆ ಮಲ್ವಿನ್ನ ಯಾಕ ಬೈತೀರಿ? ಮತ್ತ ಆಕಿನೂ ಸುಮ್ನ ಕೂತಿಲ್ಲ. ಥಿಯೇಟರಿನ್ಯಾಗ ಹೆಣ್ಣಮಕ್ಕಳೂ ಕೂತಿರ್ತಾರಲ್ಲ ಅಂತ 1981ರಾಗ ತಾನ ಇನ್ನೊಂದು ಲೇಖನ ಬರದಳು.

ಇನ್ನೊಂದು ಮಾತು. ‘ಗಂಡುನೋಟ’ ಅಂದ್ರ ಗಂಡಸರ ಕಣ್ಣು ಅಲ್ಲ, ನೋಡೋವರಿಗೆ ಹಾಕಿಟ್ಟ ಒಂದು ಖುರ್ಚಿ. ಖುರ್ಚಿ ಮ್ಯಾಲೆ ನೀವೂ ಕೂಡಬಹುದು, ನಾನೂ ಕೂಡಬಹುದು. ಖುರ್ಚಿ ಯಾವ ದಿಕ್ಕಿಗೆ ಮುಖ ಮಾಡಿ ಹಾಕಿರ್ತಾರ ಅನ್ನೋದು ಪ್ರಶ್ನೆ. ಅದ ವೀನಸ್ ಚಿತ್ರಕ್ಕ 1914ರಾಗ ಹೆಣ್ಣಮಕ್ಕಳ ಮತದಾನದ ಹಕ್ಕಿಗೆ ಹೋರಾಡ್ತಿದ್ದ ಮೇರಿ ರಿಚರ್ಡ್‌ಸನ್ ಕತ್ತಿಲೆ ಹೊಡದಳಲ್ಲ, ಗಂಡಸರು ಬಾಯಿ ಬಿಟ್ಟು ನೋಡ್ತಾರ ಅಂತ ಸಿಟ್ಟು ಬಂದು. ಥಿಯರಿ ಹುಟ್ಟೋ 60 ವರ್ಷ ಮೊದಲ ಆಕಿಗೆ ಗೊತ್ತಿತ್ತು.

ಕಡಲತಡಿ:
ಚಿತ್ರಾ ಅವ್ರೇ, ಖುರ್ಚಿ ಮಾತು ಒಪ್ಪಿದೆ, ರಿಚರ್ಡ್‌ಸನ್ ಮಾತು ಅರ್ಧ ಮಾತ್ರ ಸರಿ ಮಾರಾಯ್ರೆ. 1914ರ ಮಾರ್ಚ್ 10ಕ್ಕೆ ಹೊಡೆದಾಗ ಅವಳು ಕೊಟ್ಟ ಹೇಳಿಕೆಯಲ್ಲಿ ಗಂಡಸರು ನೋಡೋ ಸುದ್ದಿಯೇ ಇಲ್ಲ. ಹಿಂದಿನ ದಿನ ಅವಳ ಹೋರಾಟದ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರನ್ನ ಅರೆಸ್ಟ್ ಮಾಡಿದ್ರು. ಜೀವಂತ ಇರೋ ಆ ಹೆಂಗಸನ್ನ ಸರ್ಕಾರ ಸಾಯಿಸ್ತಾ ಇದೆ, ಅದಕ್ಕೇ ಪುರಾಣದ ಸುಂದರಿಯ ಚಿತ್ರ ಹಾಳು ಮಾಡಿದೆ ಅಂತ ಅವಳು ಹೇಳಿದ್ದು. ಗಂಡಸರು ದಿನವಿಡೀ ಬಾಯಿ ಕಳೆದು ನೋಡ್ತಿದ್ದದ್ದು ಇಷ್ಟ ಆಗ್ಲಿಲ್ಲ ಅಂತ ಸೇರಿಸಿದ್ದು 1952ರಲ್ಲಿ, ಅಂದ್ರೆ 38 ವರ್ಷ ಆದ್ಮೇಲೆ. ನಾವು ಎರಡನೇ ಮಾತನ್ನ ಮೊದಲನೇದರ ಜಾಗದಲ್ಲಿ ಇಟ್ಟು ಕಥೆ ಹೇಳ್ತೇವೆ, ಯಾಕಂದ್ರೆ ಅದು ಥಿಯರಿಗೆ ಚೆನ್ನಾಗಿ ಹೊಂದುತ್ತೆ. ಮತ್ತೆ ಅವಳು 1930ರ ದಶಕದಲ್ಲಿ ಬ್ರಿಟಿಷ್ ಫ್ಯಾಸಿಸ್ಟರ ಸಂಘ ಸೇರಿದಳು ಅನ್ನೋದೂ ಇದೆ, ಅದನ್ನ ಯಾರೂ ಹೇಳೋದಿಲ್ಲ.

ಚಿತ್ರಾ_ಧಾರವಾಡ:
1952 ಅನ್ನೋದು ನನಗ ಗೊತ್ತಿರಲಿಲ್ಲ. ಒಪ್ಪಿದೆ. ಆದ್ರ ತಡವಾಗಿ ಹೇಳಿದ್ದು ಅಂದ್ರ ಸುಳ್ಳು ಅಂತಲ್ಲ. ಹೆಣ್ಣಮಕ್ಕಳು ಎಷ್ಟೋ ಮಾತು 38 ವರ್ಷ ತಡವಾಗೇ ಹೇಳ್ತಾರ.

ಕಡಲತಡಿ:
ಅದು ಹೌದು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಹಳೇಪುಟ:
ಸೌಮ್ಯ ಅವ್ರ ‘ನೋಡುಗ ಒಬ್ಬನೇ ಯಾಕೆ’ ಪ್ರಶ್ನೆಗೆ ಬರ್ತೀನಿ, ಅದೇ ಇಲ್ಲಿ ಮುಖ್ಯ ಅನ್ಸುತ್ತೆ. ಆ ವೀನಸ್ ಎಲ್ಲೆಲ್ಲಿ ನೇತಾಡಿದೆ ನೋಡಿ. 1651ರಲ್ಲಿ ಮ್ಯಾಡ್ರಿಡ್‌ನ ಒಬ್ಬ ಪ್ರಭುವಿನ ಮನೆಯ ಪಟ್ಟಿಯಲ್ಲಿ ಕಾಣಿಸ್ಕೊಳ್ಳುತ್ತೆ, ಆಗಿನ ಸ್ಪೇನಲ್ಲಿ ಇಂಥ ಚಿತ್ರ ಖಾಸಗಿ ಕೋಣೆಯ ವಸ್ತು, ಬೀದಿ ಜನಕ್ಕಲ್ಲ. ಆಮೇಲೆ ಆ ಮನೆಯ ಮಗಳ ಮದುವೆ ಮೂಲಕ ಆಲ್ಬಾ ಮನೆತನಕ್ಕೆ ಹೋಯ್ತು, ಗೋಯಾ ಚಿತ್ರಿಸಿದ ಆ ಡಚೆಸ್ ಇದಾರಲ್ಲ, ಅದೇ ಮನೆ. ನೂರಕ್ಕೂ ಹೆಚ್ಚು ವರ್ಷ ಆ ಮನೆಯ ಹೆಂಗಸರೂ ಅದನ್ನ ನೋಡ್ಕೊಂಡೇ ಓಡಾಡಿದಾರೆ. ಆಮೇಲೆ ಮಂತ್ರಿ ಗೊದೊಯ್ ಕೈಗೆ, ಅಲ್ಲಿಂದ ಇಂಗ್ಲೆಂಡಿಗೆ, ಯಾರ್ಕ್‌ಷೈರ್‌ನ ರೋಕ್ಬಿ ಪಾರ್ಕ್ ಅನ್ನೋ ಬಂಗಲೆಗೆ, 1906ರಲ್ಲಿ 45,000 ಪೌಂಡ್ ಕೊಟ್ಟು ಸಾರ್ವಜನಿಕ ಗ್ಯಾಲರಿಗೆ. ಪ್ರಭುವಿನ ಕೋಣೆಯಲ್ಲಿ ಒಬ್ಬ ನೋಡುಗ, ಡಚೆಸ್ ಮನೇಲಿ ಇನ್ನೊಬ್ಬಳು, ಗ್ಯಾಲರಿಯಲ್ಲಿ ರಿಚರ್ಡ್‌ಸನ್, ಈಗ ಮೈಸೂರಿನ ಸೌಮ್ಯ. ಥಿಯರಿ ಇವರೆಲ್ಲರನ್ನೂ ಸೇರಿಸಿ ಒಂದೇ ಗೊಂಬೆ ಮಾಡ್ಬಿಡುತ್ತೆ. ನನ್ನ ತಕರಾರು ಸ್ತ್ರೀವಾದದ ಮೇಲಲ್ಲ, ಆ ಗೊಂಬೆ ಮೇಲೆ.

ಫಿಸಿಕ್ಸ್_ಮೇಷ್ಟ್ರು:
ಕನ್ನಡಿ ಬಗ್ಗೆ ಒಂದ್ಮಾತು. ನಿಮಗೆ ಕನ್ನಡಿಯಲ್ಲಿ ಅವರ ಕಣ್ಣು ಕಂಡ್ರೆ ಅವರಿಗೂ ನಿಮ್ಮ ಕಣ್ಣು ಕಾಣ್ಲೇಬೇಕು, ಬೆಳಕು ಬಂದ ದಾರೀಲೇ ವಾಪಸ್ ಹೋಗುತ್ತೆ. ಅಂದ್ರೆ ಅವಳು ತನ್ನನ್ನ ನೋಡ್ಕೊಳ್ತಿಲ್ಲ, ನಮ್ಮನ್ನ ನೋಡ್ತಿದಾಳೆ. ಅದೂ ಅಲ್ದೆ ಕನ್ನಡಿಯೊಳಗಿನ ಮುಖ ಇರಬೇಕಾದ್ದಕ್ಕಿಂತ ದೊಡ್ಡದಾಗಿದೆ, ಅಷ್ಟು ದೂರದಲ್ಲಿ ಅದು ಇನ್ನೂ ಚಿಕ್ಕದಾಗಿ ಕಾಣ್ಬೇಕಿತ್ತು. ವೆಲಾಸ್ಕೆಸ್‌ಗೆ ಗೊತ್ತಿಲ್ಲದೆ ಆಗಿರಲ್ಲ.

ಸೌಮ್ಯ_ಎಚ್:
ಮೇಷ್ಟ್ರೇ ಧನ್ಯವಾದ! ಎಷ್ಟೋ ಜನ ‘ಅವಳು ತನ್ನ ಅಂದ ನೋಡ್ಕೊಳ್ತಿದಾಳೆ’ ಅಂತಾನೇ ಬರೀತಾರೆ.

ನಿಶಾ_ಕೆಂಪುಬಣ್ಣ:
ನೀವೆಲ್ಲ ವೀನಸ್ ಮುಂದೇನೇ ನಿಂತಿದೀರಾ, ಸ್ವಲ್ಪ ಪ್ಯಾರಿಸ್ಸಿಗೆ ಬನ್ನಿ. ಚಿತ್ರಕಾರ ಮಾನೆ 1863ರಲ್ಲಿ ಬರೆದು 1865ರಲ್ಲಿ ಸಲೋನ್ ಅನ್ನೋ ಅಲ್ಲಿನ ದೊಡ್ಡ ಪ್ರದರ್ಶನಕ್ಕಿಟ್ಟ ಒಲಿಂಪಿಯಾ, ಒಬ್ಬ ಬೆತ್ತಲೆ ಹೆಣ್ಣಿನ ಚಿತ್ರ. ಅವಳು ಕನ್ನಡಿ ಗಿನ್ನಡಿ ಏನೂ ಇಲ್ಲದೆ ನೇರ ನಮ್ಮ ಕಣ್ಣಿಗೇ ಕಣ್ಣಿಟ್ಟು ಕೂತಿದಾಳೆ, ಜನ ರೊಚ್ಚಿಗೆದ್ದಿದ್ದು ಅದಕ್ಕೇ, ಬೆತ್ತಲೆಗಲ್ಲ. ಮಾಡೆಲ್ ವಿಕ್ಟೋರಿನ್ ಮ್ಯೂರಾಂ ಕುಡಿದು ಹಾಳಾಗಿ ಸತ್ತಳು ಅಂತ ಬಹಳ ವರ್ಷ ಕಥೆ ಓಡಾಡ್ತು, ಆಮೇಲೆ ನೋಡಿದ್ರೆ ಅವಳೇ ಪೇಂಟರ್, 1876ರಲ್ಲಿ ಅದೇ ಸಲೋನಿನಲ್ಲಿ ಅವಳದೇ ಚಿತ್ರ ಪ್ರದರ್ಶನ ಆಗಿತ್ತು. ‘ನೋಡಿಸ್ಕೊಳ್ಳೋಳು’ ಅಂತ ನಾವು ಹೆಸರಿಟ್ಟವಳು ಮನೆಗೆ ಹೋಗಿ ಕುಂಚ ಹಿಡೀತಿದ್ಳು.

ಆದ್ರೆ ಇದಕ್ಕಿಂತ ದೊಡ್ಡ ವಿಷಯ ಅದೇ ಚಿತ್ರದಲ್ಲಿ ಅವಳ ಹಿಂದೆ ನಿಂತಿದೆ, ಹೂಗುಚ್ಛ ಹಿಡ್ಕೊಂಡು. ಆ ಕಪ್ಪು ಹೆಂಗಸು, ಹೆಸರು ಲೋರ್. ನೂರಾರು ಪುಟ ಒಲಿಂಪಿಯಾ ಬಗ್ಗೆ, ಗಂಡಸರ ನೋಟದ ಬಗ್ಗೆ ಬರೆದ ಎಷ್ಟೋ ಸ್ತ್ರೀವಾದಿಗಳಿಗೇ ಲೋರ್ ಕಾಣ್ಲಿಲ್ಲ. 1992ರಲ್ಲಿ ಕಲಾವಿದೆ ಲೊರೇನ್ ಒ’ಗ್ರಾಡಿ ಕೈ ತೋರಿಸಿ ಹೇಳಬೇಕಾಯ್ತು. ಅದೇ ವರ್ಷ ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ ಕೂಡ ಮಲ್ವಿಗೆ ಉತ್ತರ ಕೊಟ್ರು, ಗುಲಾಮಗಿರಿ ಕಾಲದಲ್ಲಿ ಕಪ್ಪು ಜನ ಬಿಳಿಯರ ಕಡೆ ಸುಮ್ನೆ ನೋಡಿದ್ದಕ್ಕೇ ಶಿಕ್ಷೆ ಇತ್ತು, ಹಾಗಿರೋವಾಗ ನೋಟ ಅನ್ನೋದು ಬರೀ ಗಂಡು ಹೆಣ್ಣಿನ ಲೆಕ್ಕ ಹೇಗಾಗುತ್ತೆ ಅಂತ. ನಮ್ಮೂರಲ್ಲಿ ಇದನ್ನ ಬಿಡಿಸಿ ಹೇಳೋದೇ ಬೇಡ. ನಮ್ಮಜ್ಜಿ ಗೌಡ್ರ ಬೀದೀಲಿ ತಲೆ ತಗ್ಗಿಸ್ಕೊಂಡೇ ನಡೀಬೇಕಿತ್ತು, ಗೌಡ್ತಿ ಜಗಲಿ ಮೇಲೆ ಕೂತು ನೋಡ್ತಿದ್ರು. ಆ ಗೌಡ್ತಿ ನೋಟಕ್ಕೆ ಯಾವ ಹೆಸರಿಡ್ತೀರಿ?

ಚಿತ್ರಾ_ಧಾರವಾಡ:
ನಿಶಾ, ಇದನ್ನ ಎರಡು ಸಲ ಓದಿದೆ. ನನ್ನ ಖುರ್ಚಿ ಮಾತಿನ್ಯಾಗ ಇದಕ್ಕ ಜಾಗ ಇರಲಿಲ್ಲ.

ಕುಂಚ_ಕಲೆ:
ನಾನು ಪೇಂಟಿಂಗ್ ಓದಿದೋಳು, ಕಾಲೇಜಿನ ಹೆಸರು ಬೇಡ. ಲೈಫ್ ಕ್ಲಾಸಲ್ಲಿ ಒಬ್ರು ಅಮ್ಮ ಮಾಡೆಲ್ ಆಗಿ ಬರ್ತಿದ್ರು, ಸೀರೆ ಉಟ್ಟೇ ಕೂರ್ತಿದ್ರು. ಮೊದಲ ಹತ್ತು ನಿಮಿಷ ಮುಜುಗರ, ಆಮೇಲೆ ಭುಜದ ಕೋನ, ಕತ್ತಿನ ನೆರಳು, ಮೊಣಕೈ ಎಲ್ಲಿಗೆ ಬರುತ್ತೆ, ಅಷ್ಟೇ ಕಾಣೋದು. ಇದು ಗಂಡುನೋಟ ಅಂತ ಯಾರಾದ್ರೂ ಅಂದ್ರೆ ನಾನು ಒಪ್ತಿರ್ಲಿಲ್ಲ, ಇದು ಕೆಲಸದ ನೋಟ ಅಂತ ವಾದ ಮಾಡ್ತಿದ್ದೆ. ಮೂರು ವರ್ಷ ಅವರನ್ನ ಬರೆದೆ. ಇವತ್ತಿಗೂ ಅವರ ಎಡಗೈ ಬೆರಳಿನ ಬಾಗು ಕಣ್ಮುಚ್ಚಿ ಬರೀತೀನಿ. ಅವರ ಹೆಸರು ಗೊತ್ತಿಲ್ಲ. ನಾವ್ಯಾರೂ ಕೇಳ್ಲೇ ಇಲ್ಲ, ಹುಡುಗೀರೂ ಕೇಳ್ಲಿಲ್ಲ. ಮೇಷ್ಟ್ರು ‘ಮಾಡೆಲ್ ಬಂದ್ರಾ’ ಅಂತಿದ್ರು, ನಾವೂ ಹಾಗೇ ಅಂತಿದ್ವಿ. ಮೇಲೆ ಲೋರ್ ಹೆಸರು ಓದಿದಾಗಿಂದ ಅದೇ ಮನಸ್ಸಲ್ಲಿದೆ. ಥಿಯರಿ ತಪ್ಪು ಅಂತ ಅಷ್ಟು ಸುಲಭವಾಗಿ ಹೇಳೋಕೆ ನನ್ನಿಂದ ಆಗ್ತಿಲ್ಲ.

ರವಿ_ತಿಪಟೂರು:
ಇದು ನಿಜ್ವಾಗ್ಲೂ ಮನಸ್ಸಿಗೆ ತಟ್ಟಿತು ಮೇಡಂ. ಮೇಲಿನ ನನ್ನ ಮಾತು ಅವಸರದ್ದು.

ಹಳೇಪುಟ:
ಮಾಡೆಲ್ ಆಗಿದ್ದೋಳು ಕುಂಚ ಹಿಡಿದ್ರೆ ಏನಾಗುತ್ತೆ ಅಂತ ನೋಡ್ಬೇಕಂದ್ರೆ ಸುಜಾನ್ ವಲಡಾನ್. ರೆನ್ವಾರ್‌ಗೆ, ತುಲೂಸ್ ಲೊತ್ರೆಕ್‌ಗೆ ಕೂತು ಕೂತು, ಆಮೇಲೆ ತಾನೇ ಬರೆದಳು. 1909ರಲ್ಲಿ ಆಡಂ ಈವ್ ಚಿತ್ರ, ಈವ್ ಅವಳೇ, ಆಡಂ ಅವಳ ಪ್ರೇಮಿ, ಅವಳಿಗಿಂತ ಬಹಳ ಚಿಕ್ಕೋನು. ಇಬ್ರೂ ಪೂರ್ತಿ ಬೆತ್ತಲೆ ಇದ್ರು, ಆಮೇಲೆ ಪ್ರದರ್ಶನಕ್ಕೆ ಅಂತ ಆಡಂಗೆ ಎಲೆ ಮುಚ್ಚಬೇಕಾಯ್ತು. ಈವ್‌ಗೆ ಎಲೆ ಬೇಡ್ವಂತೆ! ಗಂಡಿನ ಬೆತ್ತಲೆ ಹೆಣ್ಣಿನ ಕುಂಚದಿಂದ ಬಂದ್ರೆ ಮಾತ್ರ ಕಷ್ಟ. ಇಲ್ಲಿ ಚಿತ್ರಾ ಅವ್ರ ಖುರ್ಚಿ ಚೆನ್ನಾಗಿ ಕಾಣುತ್ತೆ, ಇದನ್ನ ನಾನೇ ಒಪ್ಕೋತೀನಿ.

ಚಿತ್ರಾ_ಧಾರವಾಡ:
ಮೇರಿ ಕಸಾಟ್‌ನ 1878ರ ಚಿತ್ರನೂ ಇದಕ್ಕ ಸೇರಸ್ರಿ. ನಾಟಕ ಮಂದಿರದಾಗ ಕರಿ ಉಡುಪಿನ ಹೆಂಗಸು ದುರ್ಬೀನು ಹಿಡದು ಎತ್ತಲೋ ನೋಡ್ಲಿಕ್ಕತ್ತಾಳ, ಹಿಂದ ದೂರದ ಬಾಲ್ಕನಿಯಾಗ ಒಬ್ಬ ಗಂಡಸು ದುರ್ಬೀನು ಹಿಡದು ಆಕಿನ್ನ ನೋಡ್ಲಿಕ್ಕತ್ತಾನ, ಮೈ ಮುಂದಕ್ಕ ಬಾಗಿಸಿ. ಆಕಿಗೆ ಅವನ ಖಬರ ಇಲ್ಲ. ಕಲಾ ಇತಿಹಾಸಕಾರ್ತಿ ಗ್ರಿಸೆಲ್ಡಾ ಪೊಲಾಕ್ ಈ ಚಿತ್ರಕಾರ್ತಿಯರ ಬಗ್ಗೆ 1988ರಾಗ ಬರದದ್ದು ನನಗ ಬರ್ಜರ್‌ಗಿಂತ ಹೆಚ್ಚು ಸೇರ್ತದ, ಯಾಕಂದ್ರ ಆಕಿ ‘ನೋಟ’ ಅಂತ ಗಾಳಿಯಾಗ ಮಾತಾಡಂಗಿಲ್ಲ, ಯಾವ ಹೆಂಗಸು ಪ್ಯಾರಿಸ್ಸಿನ ಯಾವ ಜಾಗಕ್ಕ ಹೋಗಬಹುದಿತ್ತು, ಯಾವ ಬಾಗಿಲು ಮುಚ್ಚಿತ್ತು ಅಂತ ಕೇಳ್ತಾಳ. ನೀವಂದ್ರಲ್ಲ ಸೌಮ್ಯಾ, ನೋಡುಗ ಒಬ್ಬನ ಯಾಕ ಅಂತ, ಆ ಕೆಲಸ ಸ್ತ್ರೀವಾದಿಗಳ ಮಾಡ್ಯಾರ್ರಿ.

ಹಾಸನದ_ಹುಡುಗಿ:
ನಮ್ಮೂರ ಕಡೆ ಮಾತಾಡ್ಬೋದಾ? ನಮ್ಮ ಬೇಲೂರಿನ ದರ್ಪಣ ಸುಂದರಿ. ಒಬ್ಳೇ ಹೆಣ್ಣು, ಕೈಯಲ್ಲಿ ಕನ್ನಡಿ, ಮೈ ತುಂಬ ಆಭರಣ. ಹೆಣ್ಣಿನ ಕೈಗೆ ಕನ್ನಡಿ ಕೊಟ್ಟು ಅವಳಿಗೇ ಜಂಭದ ಆರೋಪ ಹೊರಿಸೋದು ಯುರೋಪಿನ ಚಿತ್ರಕಾರರ ಚಾಳಿ ಅಂತ ಬರ್ಜರ್ ಹೇಳಿದ್ನಲ್ಲ, ಇವಳಿಗೂ ಅದೇನಾ? ಕಾಲೇಜಲ್ಲಿ ಒಬ್ರು ಲೆಕ್ಚರರ್ ಶಿಲಾಬಾಲಿಕೆಯರೆಲ್ಲ ಮೇಲ್ ಗೇಜ್‌ಗೆ ಮಾಡಿದ ಗೊಂಬೆಗಳು ಅಂತ ಒಂದೇ ಸಾಲಲ್ಲಿ ಹೇಳಿ ಮುಂದಕ್ಕೆ ಹೋಗ್ಬಿಟ್ರು. ಅವತ್ತು ಕ್ಲಾಸಲ್ಲಿ ನಂಗೆ ಅಳು ಬಂದಿತ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ. ಚಿಕ್ಕಂದಿಂದ ಅಮ್ಮನ ಸೊಂಟದ ಮೇಲೆ ಕೂತು ನೋಡಿರೋ ವಿಗ್ರಹ ಅದು.

ಹಳೇಪುಟ:
ಬರ್ಜರ್ ಭಾರತದ ಕಲೆಯನ್ನ ತನ್ನ ವಾದದಿಂದ ಹೊರಗಿಟ್ಟಿದಾರೆ, ಅದೇ ಪುಸ್ತಕದಲ್ಲಿ. ಯುರೋಪಿನ ಹಾಗೆ ಸುಮ್ನೆ ಮಲಗಿ ಕಾಯೋ ನಗ್ನತೆ ಇಲ್ಲಿಲ್ಲ ಅಂತಾರೆ. ನಿಮ್ಮ ಲೆಕ್ಚರರ್ ಆ ಪುಟಕ್ಕೆ ಬಂದಿರ್ಲಿಲ್ಲ ಅನ್ಸುತ್ತೆ. ಕಲಾ ಇತಿಹಾಸಕಾರ್ತಿ ವಿದ್ಯಾ ದೆಹೇಜಿಯಾ ಸಂಪಾದಿಸಿದ 1997ರ ಒಂದು ಸಂಕಲನದಲ್ಲಿ ಇದೇ ಚರ್ಚೆ ಇದೆ. ಹೆಣ್ಣಿನ ರೂಪ ಇಲ್ಲಿ ಮಂಗಳ, ಫಲವಂತಿಕೆ, ಕಟ್ಟಡಕ್ಕೇ ರಕ್ಷೆ. ಒರಿಸ್ಸಾದ ಶಿಲ್ಪಪ್ರಕಾಶ ಗ್ರಂಥದಲ್ಲಿ ಹೆಂಡತಿ ಇಲ್ಲದ ಮನೆ ಹೇಗೋ ಹೆಣ್ಣಿನ ರೂಪ ಇಲ್ಲದ ಗುಡಿ ಹಾಗೆ, ಫಲ ಕೊಡಲ್ಲ ಅನ್ನೋ ಮಾತಿದೆ.

ನಿಶಾ_ಕೆಂಪುಬಣ್ಣ:
‘ಮಂಗಳ’ ಅಂದ್ಬಿಟ್ರೆ ಮುಗೀತಾ? ಯಾರ ಮಂಗಳ? ಕೆತ್ತಿದೋರು ಗಂಡಸರು, ಕಟ್ಟಿಸಿದ್ದು ರಾಜ, ಒಳಗೆ ಹೋಗೋಕೆ ಎಷ್ಟು ಜನಕ್ಕೆ ಬಿಡ್ತಿದ್ರು? ಹೆಂಡತಿಯನ್ನ ಮನೆಗೆ ಬೇಕಾದ ಸಾಮಾನಿನ ಥರ ಹೇಳೋ ಗ್ರಂಥ ತಂದು ಇದು ಗಂಡುನೋಟ ಅಲ್ಲ ಅಂತ ಸಾಕ್ಷಿ ಕೊಡ್ತಿದೀರಲ್ಲ ಸರ್.

ಹಳೇಪುಟ:
ಹೊಡೆತ ಸರಿಯಾಗಿ ಬಿತ್ತು. ಯೋಚ್ನೆ ಮಾಡ್ತೀನಿ.

ಕಡಲತಡಿ:
ಅಕ್ಕಮಹಾದೇವಿಯ ಕಥೆ ನೆನಪಾಗ್ತಾ ಉಂಟು. ಬಟ್ಟೆ ಬಿಟ್ಟವಳು ಕೂದಲಿಂದ ಮೈ ಮುಚ್ಕೊಂಡದ್ದು ಯಾಕೆ ಅಂತ ಅಲ್ಲಮ ಕೇಳಿದಾಗ, ನೋಡೋ ನಿಮಗೆ ನೋವಾದೀತು ಅಂತ ಅಂದ ಹಾಗೆ ಶೂನ್ಯಸಂಪಾದನೆಯಲ್ಲಿ ಬರ್ತದೆ. ಕಷ್ಟ ಇರೋದು ನಿನ್ನ ಕಣ್ಣಲ್ಲಿ, ನನ್ನ ಮೈಯಲ್ಲಿ ಅಲ್ಲ ಅಂತ. ಅವಳು ಬೇಲೂರು ಗುಡಿ ಕಟ್ಟಿದ ಶತಮಾನದವಳೇ.

ಪದ್ಮ_ಮೈಸೂರು:
ಮಧ್ಯೆ ಬಾಯಿ ಹಾಕ್ತೀನಿ. ಜಗನ್ಮೋಹನ ಅರಮನೇಲಿ ದೀಪದ ಹುಡುಗಿ ಚಿತ್ರ ಇದೆಯಲ್ಲ, ಕೈ ಅಡ್ಡ ಹಿಡಿದು ಜ್ಯೋತಿ ಕಾಯ್ಕೊಂಡು ನಿಂತಿರೋದು, ಬೆರಳ ಸಂದಿ ಕೆಂಪಗೆ ಹೊಳೆಯುತ್ತೆ. ಅದು ಯಾವ ನೋಟ? ರವಿವರ್ಮಂದು ಅಲ್ವಾ ಅದು?

ಕುಂಚ_ಕಲೆ:
ಅಮ್ಮಾ, ರವಿವರ್ಮಂದಲ್ಲ, ಎಲ್ರೂ ಹಾಗೇ ಅನ್ಕೋತಾರೆ. ಎಸ್.ಎಲ್. ಹಳದಣ್‌ಕರ್ ಅಂತ, 1940ರ ದಶಕದ್ದು, ಅದೂ ಜಲವರ್ಣ. ನಿಂತಿರೋಳು ಅವರ ಮಗಳು ಗೀತಾ. 2018ರಲ್ಲಿ ತೀರ್ಕೊಂಡ್ರು, 102 ವರ್ಷ ಆಗಿತ್ತು. ಅಪ್ಪ ಮಗಳನ್ನ ನೋಡಿದ್ದು ಅಲ್ಲಿರೋದು. ನೀವು ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ, ಅಪ್ಪನೂ ಗಂಡಸೇ, ಆದ್ರೆ ಆ ಚಿತ್ರಕ್ಕೆ ‘ಗಂಡುನೋಟ’ ಅನ್ನೋ ಹೆಸರು ಅಂಟಲ್ಲ.

ಪದ್ಮ_ಮೈಸೂರು:
ನಲ್ವತ್ತು ವರ್ಷದಿಂದ ರವಿವರ್ಮ ಅಂತಾನೇ ಎಲ್ರಿಗೂ ತೋರಿಸ್ತಿದ್ದೆ! ಮಗಳು ಅಂತ ಗೊತ್ತಾದ್ಮೇಲೆ ಇನ್ನೊಂದ್ಸಲ ಹೋಗ್ಬೇಕು.

ಸೌಮ್ಯ_ಎಚ್:
ಹಾಸನದ ತಂಗಿ ಬರೆದಿದ್ದಕ್ಕೆ ವಾಪಸ್ ಬರ್ತೀನಿ. ಬೇಲೂರಿನ ಹಳೇ ಫೋಟೋ ತೆಗೆದು ದೊಡ್ಡದು ಮಾಡಿ ನೋಡ್ತಾ ಕೂತಿದ್ದೆ. ಒಂದು ವಿಷಯ ಹೊಳೀತು. ವೆಲಾಸ್ಕೆಸ್‌ನ ಕನ್ನಡಿ ಅವಳ ಮುಖಾನ ನಮ್ಮ ಕಡೆಗೆ ಕೊಡುತ್ತೆ. ಬೇಲೂರಿಂದು ಕಲ್ಲಿನ ಕನ್ನಡಿ. ಅದರಲ್ಲಿ ನಮಗೆ ಏನೂ ಕಾಣಲ್ಲ. ಅವಳು ಏನ್ ನೋಡ್ಕೊಂಡು ಅಷ್ಟು ತೃಪ್ತಿಯಾಗಿ ನಿಂತಿದಾಳೆ ಅನ್ನೋದು ಅವಳಿಗೊಬ್ಳಿಗೇ ಗೊತ್ತು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರೆಲ್ಲ ಕೆಲವು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಹಾಕಿದಾರೆ, ಕೆತ್ತಿದೋರು ಗಂಡಸರೇ, ನಿಶಾ ಹೇಳಿದ್ದನ್ನ ನಾನು ತಳ್ಳಿಹಾಕಲ್ಲ. ಆದ್ರೂ ಆ ಗಂಡಸರು ಒಂದು ಹೆಣ್ಣಿಗೆ ನಮ್ಮ ಕೈಗೆ ಸಿಗದ ಒಂದು ನೋಟ ಬಿಟ್ಟುಕೊಟ್ಟಿದಾರೆ. ಥಿಯರಿ ಕೈಲಿ ಹಿಡ್ಕೊಂಡು ಹೋಗಿದ್ರೆ ಇದು ನನಗೆ ಕಾಣ್ತಿರ್ಲಿಲ್ಲ. ಥಿಯರಿ ಓದದೇ ಹೋಗಿದ್ರೆ ನೋಡೋಕೂ ನಿಲ್ತಿರ್ಲಿಲ್ಲ.

ನಿಶಾ_ಕೆಂಪುಬಣ್ಣ:
ಕಲ್ಲಿನ ಕನ್ನಡಿ ಮಾತು ಇಷ್ಟ ಆಯ್ತು. ಆದ್ರೆ ಅವಳ ಕಾಲ ಹತ್ರ ಸಣ್ಣದಾಗಿ ನಿಂತಿರೋ ಸೇವಕಿಯರ ಬಗ್ಗೆ ನೀವಿನ್ನೂ ಬರೆದಿಲ್ಲ. ಅವರನ್ನೂ ನೋಡಿ ಬರೀರಿ.

ಹಾಸನದ_ಹುಡುಗಿ:
ಸೌಮ್ಯಕ್ಕಾ, ಫೋಟೋದಲ್ಲಿ ಎಲ್ಲಾ ಎದುರಿಗಿದ್ದಂಗೆ ಕಾಣುತ್ತೆ, ಆದ್ರೆ ಅಲ್ಲಿ ಅವರೆಲ್ಲ ಸೂರಿನ ಕೆಳಗೆ ಮೇಲಿದಾರೆ, ನಮ್ಮ ಕಡೆ ಬಾಗಿಸಿ ಕೂರ್ಸಿದಾರೆ, ಕತ್ತು ನೋಯುತ್ತೆ. ಕೆಳಗಿಂದ ನೋಡೋವಾಗ ಅವರೇ ನಮ್ಮನ್ನ ಬಗ್ಗಿ ನೋಡಿದಂಗೆ ಇರುತ್ತೆ. ಹೊರಗೆ 38 ಇದೆ, ಒಳಗೆ 4. ಕನ್ನಡಿಯೋಳು ಒಬ್ಳೇ ಅಲ್ಲ, ಬಿಲ್ಲು ಹಿಡಿದೋಳಿದಾಳೆ, ಗಿಣಿ ಹತ್ರ ಮಾತಾಡೋಳಿದಾಳೆ. ನಮ್ಮಮ್ಮಂಗೆ ಇಷ್ಟ ಆಗೋದು ಸೀರೆ ಎಳೀತಿರೋ ಕೋತಿಗೆ ಕೊಂಬೆ ಎತ್ತಿ ಹೊಡೆಯೋಕೆ ಹೋಗ್ತಿರೋಳು. ಪ್ರತಿ ಸಲ ಅವಳ ಕೆಳಗೆ ನಿಂತು ‘ಬಾರ್ಸು’ ಅಂತಾರೆ.

ಚಿತ್ರಾ_ಧಾರವಾಡ:
ನಿಮ್ಮ ಅಮ್ಮನ್ನ ನಾ ಭೆಟ್ಟಿ ಆಗಬೇಕು.

ಸೌಮ್ಯ_ಎಚ್:
ಬರೋ ಭಾನುವಾರ ಬೇಲೂರಿಗೆ ಹೋಗೋಣ್ವಾ ಯಾರಾದ್ರೂ ಬರ್ತೀರಾ? ಬೆಳಗ್ಗೇನೇ ಸೇರಿದ್ರೆ ಜನ ಕಡಿಮೆ. ನಿಶಾ, ಸೇವಕಿಯರನ್ನ ನೋಡೋಕಾದ್ರೂ ನೀವು ಬರ್ಲೇಬೇಕು.

ಹಾಸನದ_ಹುಡುಗಿ:
ಅಮ್ಮನೂ ಬರ್ತಾರಂತೆ, ತಿಂಡಿ ಕಟ್ಕೊಂಡು ಬರ್ತೀವಿ.

ನಿಶಾ_ಕೆಂಪುಬಣ್ಣ:
ಬರ್ತೀನಿ.

ರವಿ_ತಿಪಟೂರು:
ನಾನೂ ಬರ್ಬೋದಾ? ತಿಪಟೂರಿಂದ ಬೇಲೂರು ದೂರ ಏನಲ್ಲ. ನಮ್ಮ ತಾತನ ಹಳೇ ದುರ್ಬೀನು ಒಂದಿದೆ, ಕತ್ತು ನೋಯ್ಸ್ಕೊಳ್ಳೋ ಬದ್ಲು ಒಬ್ಬೊಬ್ರೇ ಹಿಡ್ಕೊಂಡು ನೋಡ್ಬೋದು.

ಚಿತ್ರಾ_ಧಾರವಾಡ:
ತರ್ರಿ. ಮೊದಲು ಆ ಅಮ್ಮನ ಕೈಗೆ ಕೊಡ್ರಿ.